ಹೊಲದಲ್ಲಿ ಸಿಗೋ ಬೋಕಿಗೆ ವಯಸ್ಸು ಹೇಳೋದು ಹೇಗೆ?

ಉಳುವಾಗ ಬೋಕಿ ಸಿಗದ ಹೊಲ ನಮ್ಮ ಕಡೆ ಇದ್ದರೆ ತೋರಿಸಿ. ಮಾಗಡಿಯ ರಾಗಿ ಹೊಲ ಇರಲಿ, ಕನಕಪುರದ ಹಿಪ್ಪುನೇರಳೆ ಸಾಲಿರಲಿ, ಚನ್ನಪಟ್ಟಣದ ತೆಂಗಿನ ತೋಟ ಇರಲಿ, ಒಂದು ಜೋರು ಮಳೆ ಬಿದ್ದು ಮೇಲ್ಮಣ್ಣು ತೊಳೆದರೆ ಸಾಕು, ಕೆಂಪಗೋ ಕಪ್ಪಗೋ ಒಂದಷ್ಟು ಮಡಕೆ ಚೂರು ಎದ್ದು ಕಾಣುತ್ತೆ. ನಾವು ಅದನ್ನ ಬದುವಿಗೆ ಎಸೆದು ಮುಂದೆ ಹೋಗ್ತೀವಿ. ಚಿಕ್ಕವರಿದ್ದಾಗ ಅದನ್ನೇ ಕಲ್ಲಿಗೆ ಉಜ್ಜಿ ದುಂಡಗೆ ಮಾಡಿ ಕುಂಟೆಬಿಲ್ಲೆ ಆಡಿದವರೂ ನಾವೇ. ಅಂದಹಾಗೆ ಹೀಗೆ ಉಜ್ಜಿ ದುಂಡಗೆ ಮಾಡಿದ ಬಿಲ್ಲೆಗಳು ಸಾವಿರಾರು ವರ್ಷ ಹಳೆಯ ಊರುಗಳ ಉತ್ಖನನದಲ್ಲೂ ಸಿಗುತ್ತವೆ.

ಬೋಕಿಯ ಫೋಟೊ ಕಳಿಸುವವರು ಸಾಮಾನ್ಯವಾಗಿ ಕೇಳೋದು ಎರಡು ಪ್ರಶ್ನೆ. "ಅಣ್ಣಾ, ಇದು ಎಷ್ಟು ವರ್ಷ ಹಳೇದು?" ಅನ್ನೋದು ಒಂದು. "ಯಾರಿಗಾದ್ರೂ ಹೇಳಿದ್ರೆ ಜಮೀನು ಸರ್ಕಾರಕ್ಕೆ ಹೋಗ್ಬಿಡುತ್ತಾ?" ಅನ್ನೋದು ಇನ್ನೊಂದು. ಇವತ್ತು ಎರಡಕ್ಕೂ ಉತ್ತರ ಬರೀತೀನಿ. ಸ್ವಲ್ಪ ಉದ್ದ ಆಗುತ್ತೆ, ಕೂತು ಓದಿ.

ಎತ್ತಿಗಾದರೆ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳಬಹುದು. ಕೈಯಲ್ಲಿ ಹಿಡಿದ ಒಂಟಿ ಬೋಕಿಗೆ ಹಾಗೆ ಹೇಳೋಕೆ ಬರಲ್ಲ. ಅದರ ವಯಸ್ಸಿನ ಗುರುತು ಅರ್ಧ ಅದರ ಮೈಮೇಲಿದ್ದರೆ ಇನ್ನರ್ಧ ಅದು ಬಿದ್ದಿದ್ದ ಜಾಗದಲ್ಲಿ, ಅದರ ಜೊತೆಗೆ ಬಿದ್ದಿದ್ದ ವಸ್ತುಗಳಲ್ಲಿ ಇರುತ್ತೆ. ಎತ್ತಿ ಜೇಬಿಗೆ ಹಾಕ್ಕೊಂಡು ಮನೆಗೆ ತಂದರೆ ಎರಡನೇ ಅರ್ಧ ಕಳೆದುಹೋಯ್ತು ಅಂತಲೇ ಲೆಕ್ಕ.

ಮೊದಲು ಮೈಮೇಲಿನ ಗುರುತು ನೋಡೋಣ.

ಹೊಟ್ಟೆಯ ಭಾಗದ ಚೂರು ಹೆಚ್ಚೇನೂ ಹೇಳಲ್ಲ. ಬಾಯಿಯ ಅಂಚು, ಕತ್ತು, ತಳ, ಹಿಡಿ, ಸೊಂಡಿಲು ಇಂಥ ಚೂರುಗಳಿಗೆ ಬೆಲೆ ಹೆಚ್ಚು. ಬಾಯಿಯ ಅಂಚಿನ ಒಂದು ತುಂಡು ಇದ್ದರೂ ಅದರ ಬಾಗು ಎಷ್ಟಿದೆ ಅಂತ ನೋಡಿ ಪೂರ್ತಿ ಬಾಯಿಯ ಅಗಲ ಲೆಕ್ಕ ಹಾಕ್ತಾರೆ. ಒಂದರೊಳಗೊಂದು ವೃತ್ತ ಬರೆದ ಹಾಳೆಯ ಮೇಲೆ ಚೂರನ್ನ ಕೂರಿಸಿ, ಯಾವ ವೃತ್ತಕ್ಕೆ ಹೊಂದುತ್ತೆ ಅಂತ ನೋಡೋದು ಅಷ್ಟೇ. ಅಗಲ ಗೊತ್ತಾದರೆ ಅದು ನೀರಿನ ಗಡಿಗೆಯೋ, ಸಾರು ಮಾಡೋ ಮಡಕೆಯೋ, ಕಾಳು ತುಂಬೋ ವಾಡೆಯೋ ಅನ್ನೋ ಅಂದಾಜು ಸಿಗುತ್ತೆ. ಹೊರಗೆ ಮಸಿ ಹಿಡಿದಿದ್ದರೆ ಒಲೆ ಕಂಡ ಮಡಕೆ.

ಆಮೇಲೆ ಒಳಮೈ ಸವರಿ ನೋಡಿ. ಒಂದೇ ಸಮನಾಗಿ ಸುತ್ತಿದ ಸಣ್ಣ ಗೆರೆಗಳಿದ್ದರೆ ತಿಗರಿಯ ಮೇಲೆ ಎತ್ತಿದ್ದು. ದಪ್ಪ ಒಂದೊಂದು ಕಡೆ ಒಂದೊಂದು ಥರ ಇದ್ದು, ಬೆರಳೂರಿದ ಗುರುತು ಇದ್ದರೆ ಕೈಯಲ್ಲಿ ಮಾಡಿದ್ದು ಇರಬಹುದು. ಒಡೆದ ಅಂಚನ್ನ ಬಿಸಿಲಿಗೆ ಹಿಡಿದರೆ ಜೇಡಿಯ ಜೊತೆ ಏನು ಬೆರೆಸಿದ್ದಾರೆ ಅಂತ ಕಾಣುತ್ತೆ. ಹೊಟ್ಟು ಬೆರೆಸಿದ್ದರೆ ಅದು ಸುಟ್ಟುಹೋದ ಜಾಗದಲ್ಲಿ ಸಣ್ಣ ಸಣ್ಣ ತೂತು ಉಳಿದಿರುತ್ತೆ. ಮರಳು ಬೆರೆಸಿದ್ದರೆ ಕಾಳುಗಳು ಹೊಳೆಯುತ್ತವೆ. ನಮ್ಮ ಜಿಲ್ಲೆಯ ಬಂಡೆಗಳಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಅಂತ ಹೆಸರಿಟ್ಟಿದ್ದಾರೆ, ವಯಸ್ಸು ಸುಮಾರು 250 ಕೋಟಿ ವರ್ಷ. ಆ ಕಲ್ಲು ಸವೆದು ಬಂದ ಮರಳಲ್ಲಿ ಬಿಳಿ ಬೆಣಚು, ನಸುಗೆಂಪು ಫೆಲ್ಡ್‌ಸ್ಪಾರ್, ಕಾಗೆಬಂಗಾರ ಇರುತ್ತೆ. ಬೋಕಿಯನ್ನ ಕಾಗದಕ್ಕಿಂತ ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಮಡಕೆ ಇಲ್ಲಿಯ ಮಣ್ಣಲ್ಲೇ ಆಗಿದ್ದೋ ಹೊರಗಿಂದ ಬಂದಿದ್ದೋ ಅನ್ನೋದನ್ನ ಈ ಕಾಳುಗಳೇ ಹೇಳುತ್ತವೆ.

ಇನ್ನು ಬಣ್ಣ. ನಮ್ಮ ಮಣ್ಣಲ್ಲಿ ಕಬ್ಬಿಣದ ಅಂಶ ಇದೆ. ಸುಡುವಾಗ ಗಾಳಿ ಚೆನ್ನಾಗಿ ಆಡಿದರೆ ಮಡಕೆ ಕೆಂಪಾಗುತ್ತೆ, ಗಾಳಿ ತಡೆದು ಹೊಗೆ ತುಂಬಿದರೆ ಕಪ್ಪಾಗುತ್ತೆ. ಆವಿಗೆ ಹಾಕುವ ಯಾವ ಕುಂಬಾರರನ್ನ ಕೇಳಿದರೂ ಹೇಳ್ತಾರೆ. ಒಳಗೆ ಮತ್ತು ಬಾಯಿಯ ಹತ್ತಿರ ಮಿರಮಿರ ಕಪ್ಪು, ಹೊರಗೆ ಕೆಳಗಡೆ ಕೆಂಪು ಇರೋ ಬೋಕಿ ಸಿಕ್ಕರೆ ಅದನ್ನ ಕಪ್ಪು-ಕೆಂಪು ಮಡಕೆ ಅಂತ ಕರೀತಾರೆ. ಮಡಕೆಯನ್ನ ಬೋರಲು ಹಾಕಿ ಸುಟ್ಟರೆ ಒಳಗೆ ಗಾಳಿ ಆಡದೆ ಹೀಗಾಗುತ್ತೆ. ದೊಡ್ಡ ಕಲ್ಲುಚಪ್ಪಡಿ ನಿಲ್ಲಿಸಿ ಸಮಾಧಿ ಮಾಡಿದ ಬೃಹತ್ ಶಿಲಾಯುಗದ ಜನರ ಮಡಕೆ ಅಂತ ಇದು ಹೆಸರುವಾಸಿ. ಆ ಸಮಾಧಿಗಳನ್ನೇ ಜನ ಕೆಲವು ಕಡೆ ಪಾಂಡವರ ಮನೆ, ಕೆಲವು ಕಡೆ ಮೋರ್ಯರ ಮನೆ ಅನ್ನೋದು. ನಮ್ಮ ಸಾವನದುರ್ಗದ ಸುತ್ತಮುತ್ತ ಇಂಥ ಸಮಾಧಿಗಳಿವೆ.

ಆದರೆ ಕಪ್ಪು-ಕೆಂಪು ಕಂಡ ತಕ್ಷಣ "ಮೂರು ಸಾವಿರ ವರ್ಷ" ಅಂತ ಪೋಸ್ಟ್ ಹಾಕಬೇಡಿ. ದಕ್ಷಿಣ ಭಾರತದಲ್ಲಿ ಈ ಥರ ಸುಡೋದು ಸಾವಿರ ವರ್ಷಕ್ಕೂ ಹೆಚ್ಚು ಕಾಲ ನಡೆದಿದೆ, ಕ್ರಿಸ್ತಶಕ ಶುರುವಾದ ಮೇಲೂ ಇತ್ತು. ಅಷ್ಟು ಉದ್ದದ ಕಾಲದಲ್ಲಿ ನಿಮ್ಮ ಚೂರು ಎಲ್ಲಿ ಕೂರುತ್ತೆ ಅಂತ ಬಣ್ಣ ಒಂದರಿಂದಲೇ ಹೇಳೋಕಾಗಲ್ಲ.

ಎರಡನೇ ಅರ್ಧಕ್ಕೆ ಬರೋಣ. ಇಲ್ಲಿ ಪ್ರೊಫೆಸರ್‌ಗಳಿಗಿಂತ ರೈತರಿಗೆ ಚೆನ್ನಾಗಿ ಗೊತ್ತಿರೋ ವಿಷಯ ಒಂದಿದೆ. ಹೊಲದಲ್ಲಿ ಬೋಕಿ ಇದೆ ಅಂದ ಮಾತ್ರಕ್ಕೆ ಅಲ್ಲಿ ಊರಿತ್ತು ಅಂತಲ್ಲ. ಮನೆಯಲ್ಲಿ ಒಡೆದ ಮಡಕೆ ಎಲ್ಲಿಗೆ ಹೋಗ್ತಿತ್ತು? ತಿಪ್ಪೆಗೆ. ತಿಪ್ಪೆ ಗೊಬ್ಬರ ಎಲ್ಲಿಗೆ ಹೋಗ್ತಿತ್ತು? ಗಾಡಿಯಲ್ಲಿ ಹೊಲಕ್ಕೆ. ನೂರಾರು ವರ್ಷ ಹೀಗೆ ಹೊಡೆದ ಗೊಬ್ಬರದ ಜೊತೆ ಬೋಕಿಯೂ ಹರಡಿದೆ. ಕೆರೆ ಗೋಡು ಹೊಡೆಸಿದ ಹೊಲದಲ್ಲಂತೂ ಕೆರೆಗೆ ಹರಿದು ಬಂದ ಬೋಕಿ ಎಲ್ಲ ಬಂದು ಸೇರಿರುತ್ತೆ. ನಮ್ಮ ಹೊಲದಲ್ಲೇ ಗೋಡು ಹೊಡೆದ ಕಡೆ ಸಿಗೋ ಚೂರು ಸಣ್ಣವು, ಮೂಲೆ ಸವೆದು ನುಣ್ಣಗಾಗಿರುತ್ತವೆ.

ಊರಿದ್ದ ಜಾಗದ ಲಕ್ಷಣ ಬೇರೆ. ಬೋಕಿ ಒತ್ತಾಗಿರುತ್ತೆ, ಚೂರುಗಳು ದೊಡ್ಡದಾಗಿ ಅಂಚು ಚೂಪಾಗಿರುತ್ತವೆ. ಮಣ್ಣು ಬೂದಿ ಬಣ್ಣಕ್ಕೆ ತಿರುಗಿರುತ್ತೆ. ಜೊತೆಗೆ ಮೂಳೆ, ಬೀಸುಕಲ್ಲಿನ ತುಂಡು, ಇಟ್ಟಿಗೆ, ಕಬ್ಬಿಣ ಕರಗಿಸಿದ ಕಿಟ್ಟ ಸಿಗುತ್ತೆ. ಕಂದಾಯ ದಾಖಲೆಯಲ್ಲಿ ಬೇಚಿರಾಕ್ ಗ್ರಾಮ ಅಂತ ಇರುತ್ತಲ್ಲ, ಅಂದರೆ ಹೆಸರಿದ್ದು ಜನವಸತಿ ಇಲ್ಲದ ಊರು, ಅಂಥ ಕಡೆ ಈ ಲಕ್ಷಣ ಇದೆಯಾ ಅಂತ ಗಮನಿಸಿ ನೋಡಿ.

ಊರಿದ್ದ ಜಾಗದಲ್ಲಿ ಮಣ್ಣು ಪದರ ಪದರವಾಗಿ ಕೂತಿರುತ್ತೆ. ಹಳೇ ಮನೆ ಬಿದ್ದು, ಅದರ ಮೇಲೆ ಇನ್ನೊಂದು ಮನೆ, ಅದರ ಮೇಲೆ ಮತ್ತೊಂದು. ಕೆಳಗಿನದು ಹಳೇದು, ಮೇಲಿನದು ಹೊಸದು. ಆದರೆ ಎಷ್ಟು ಹಳೇದು ಅಂತ ಹೇಳೋಕೆ ಆ ಪದರದಲ್ಲಿ ಹುಟ್ಟಿದ ಕಾಲ ಗೊತ್ತಿರೋ ವಸ್ತು ಒಂದಾದರೂ ಸಿಗಬೇಕು.

ನಮಗೆಲ್ಲ ಗೊತ್ತಿರೋ ಉದಾಹರಣೆ ಕೊಡ್ತೀನಿ: ಮಂಗಳೂರು ಹೆಂಚು. ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಹೆಂಚಿನ ಬೆನ್ನ ಮೇಲೆ ಕಂಪನಿಯ ಹೆಸರಿನ ಅಚ್ಚು ಇರುತ್ತೆ. ಪಾಯ ತೆಗೆಯುವಾಗ ಒಂದು ಪದರದಲ್ಲಿ ಆ ಹೆಂಚಿನ ತುಂಡು ಸಿಕ್ತು ಅಂದ್ರೆ, ಆ ಪದರ 1865ಕ್ಕಿಂತ ಮುಂಚೆ ಕೂತಿರೋಕೆ ಸಾಧ್ಯವೇ ಇಲ್ಲ. ಅದರ ಜೊತೆಗಿರೋ ಮಡಕೆ ಚೂರೂ ಅದೇ ಪದರದಲ್ಲಿ ಆ ಮೇಲೆಯೇ ಬಂದು ಸೇರಿದ್ದು. ಟಿಪ್ಪು ಕಾಲದ ಆನೆ ಗುರುತಿನ ತಾಮ್ರದ ಕಾಸು ಸಿಕ್ಕರೆ ಆ ಪದರ ಟಿಪ್ಪು ಪಟ್ಟಕ್ಕೆ ಬಂದ 1782ಕ್ಕಿಂತ ಹಿಂದಿನದಲ್ಲ. ತಂಬಾಕು ನಮ್ಮ ದೇಶಕ್ಕೆ ಬಂದಿದ್ದೇ ಪೋರ್ಚುಗೀಸರ ಕಾಲದಲ್ಲಿ, 1600ರ ಸುಮಾರಿಗೆ ಬಿಜಾಪುರದಲ್ಲಿ ಅದರ ಬಳಕೆ ಇತ್ತು. ಹಾಗಾಗಿ ತಂಬಾಕು ಸೇದಿದ ಮಣ್ಣಿನ ಚಿಲುಮೆ ಸಿಕ್ಕಿದ ಪದರವನ್ನ ಹೊಯ್ಸಳರ ಕಾಲ ಅನ್ನೋ ಹಾಗಿಲ್ಲ. ಲೆಕ್ಕ ಇಷ್ಟೇ: ಪದರದಲ್ಲಿರೋ ಅತಿ ಹೊಸ ವಸ್ತು ಯಾವುದೋ, ಪದರ ಅದಕ್ಕಿಂತ ಹಳೇದಲ್ಲ. ಒಂದು ಎಚ್ಚರ ಬೇಕು. ಹೆಗ್ಗಣದ ಬಿಲ, ಮರದ ಬೇರು, ಹಳೇ ಬಾವಿ, ಹಗೇವು ಇವೆಲ್ಲ ಮೇಲಿನ ವಸ್ತುವನ್ನ ಕೆಳಗೆ ಇಳಿಸಿಬಿಡುತ್ತವೆ. ನಮ್ಮ ಹಿರಿಯರು ರಾಗಿ ತುಂಬಿಡುತ್ತಿದ್ದ ಹಗೇವು ಆಳವಾಗಿ ಎಷ್ಟೋ ಪದರ ಸೀಳಿಕೊಂಡು ಹೋಗಿರುತ್ತೆ.

ಕರ್ನಾಟಕದ ಇತಿಹಾಸಪೂರ್ವ ಕಾಲಕ್ಕೆ ತಾರೀಖು ಕಟ್ಟಿದ್ದೂ ಇದೇ ಲೆಕ್ಕದಿಂದ. ಆ ಕಥೆ ಚಿತ್ರದುರ್ಗ ಜಿಲ್ಲೆಯದು.

ಚಿತ್ರದುರ್ಗ ಬೆಟ್ಟದ ಪಕ್ಕದ ಚಂದ್ರವಳ್ಳಿ ಶಾತವಾಹನರ ಕಾಲದ ಪಟ್ಟಣ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು 1929ರಲ್ಲಿ ಅಲ್ಲಿ ಉತ್ಖನನ ಮಾಡಿದರು. ಕದಂಬ ಮಯೂರಶರ್ಮನ ಕೆರೆ ಶಾಸನ ಬೆಳಕಿಗೆ ಬಂದಿದ್ದೂ ಅಲ್ಲೇ. ಅದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ ಅವರು 1892ರಲ್ಲಿ ಅಶೋಕನ ಶಾಸನ ಪತ್ತೆ ಮಾಡಿದ್ದರು. ಅದರಲ್ಲಿ ಇಸಿಲ ಅನ್ನೋ ಪಟ್ಟಣದ ಹೆಸರಿದೆ. 1947ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್ ಎರಡೂ ಕಡೆ ಅಗೆಸಿದರು. ಬ್ರಹ್ಮಗಿರಿಯಲ್ಲಿ ಮೂರು ಕಾಲದ ಪದರ ಸಿಕ್ಕವು. ಅಡಿಯಲ್ಲಿ ಕಲ್ಲುಕೊಡಲಿಯ ಜನ, ಅವರ ಮಡಕೆ ಬಹುಪಾಲು ಕೈಯಲ್ಲಿ ಮಾಡಿದ ಬೂದು ಬಣ್ಣದ್ದು. ಅದರ ಮೇಲೆ ಕಪ್ಪು-ಕೆಂಪು ಮಡಕೆಯ ಬೃಹತ್ ಶಿಲಾಯುಗದವರು. ಅದಕ್ಕೂ ಮೇಲೆ ಕೆಂಗಂದು ಲೇಪದ ಮೇಲೆ ಬಿಳಿ ಗೆರೆ ಬರೆದ ಮಡಕೆ, ಅಂದರೆ ಶಾತವಾಹನರ ಕಾಲ.

ಕ್ರಮ ಸಿಕ್ತು, ತಾರೀಖು ಎಲ್ಲಿಂದ ಬರಬೇಕು? ಅದು ಪುದುಚೇರಿ ಹತ್ತಿರದ ಅರಿಕಮೇಡು ಬಂದರಿಂದ ಬಂತು. ವೀಲರ್ 1945ರಲ್ಲಿ ಅಲ್ಲಿ ಅಗೆದಿದ್ದರು. ಇಟಲಿಯ ಅರೆಝೋ ಕಡೆಯಿಂದ ಹಡಗಲ್ಲಿ ಬಂದ ಕೆಂಪು ತಟ್ಟೆಗಳ ಚೂರು ಅಲ್ಲಿ ಸಿಕ್ಕಿದ್ದವು. ಮಂಗಳೂರು ಹೆಂಚಿನ ಹಾಗೇ ಅವಕ್ಕೂ ಮಾಡಿದವರ ಹೆಸರಿನ ಅಚ್ಚು ಇರುತ್ತಿತ್ತು, ಕಾಲ ಕ್ರಿಸ್ತಶಕ ಒಂದನೇ ಶತಮಾನದ ಮೊದಲರ್ಧ ಅಂತ ಗೊತ್ತಿತ್ತು. ಅದೇ ಬಂದರಲ್ಲಿ ಇನ್ನೊಂದು ಜಾತಿಯ ತೆಳ್ಳನೆಯ ತಟ್ಟೆಗಳೂ ಇದ್ದವು, ಒಳತಳದಲ್ಲಿ ಸಣ್ಣ ಹಲ್ಲಿನ ಗಾಲಿ ಉರುಳಿಸಿ ಒತ್ತಿದ ಚುಕ್ಕೆ ಸಾಲಿನ ವೃತ್ತಗಳು. ಈ ಉರುಳೆ ಗೆರೆಯ ತಟ್ಟೆಯ ಚೂರು ಬ್ರಹ್ಮಗಿರಿ, ಚಂದ್ರವಳ್ಳಿಯ ಮೇಲಿನ ಪದರದಲ್ಲೂ ಸಿಕ್ತು. ಚಂದ್ರವಳ್ಳಿಯಲ್ಲಿ ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯವೂ ಸಿಕ್ಕಿತ್ತು, ಅವನು ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಹೀಗೆ ಇಟಲಿಯ ತಟ್ಟೆಯ ಕಾಲದಿಂದ ಅರಿಕಮೇಡು, ಅಲ್ಲಿಂದ ಚಿತ್ರದುರ್ಗ ಅಂತ ಕೊಂಡಿ ಸೇರಿಸಿ ಮೇಲಿನ ಪದರಕ್ಕೆ ತಾರೀಖು ಕಟ್ಟಿದರು.

ಕೆಳಗಿನ ಪದರಕ್ಕೆ ಇಂಥ ಕೊಂಡಿ ಇರಲಿಲ್ಲ. ವೀಲರ್ ಮೇಲಿಂದ ಕೆಳಕ್ಕೆ ಅಂದಾಜು ಹಾಕಿ, ಬೃಹತ್ ಶಿಲಾಯುಗ ಕ್ರಿ.ಪೂ. 200ರ ಸುಮಾರಿಗೆ ಶುರುವಾಯ್ತು, ಕಲ್ಲುಕೊಡಲಿಯ ಜನ ಕ್ರಿ.ಪೂ. ಒಂದನೇ ಸಹಸ್ರಮಾನದ ಆರಂಭದವರು ಅಂದರು. 1949ರಲ್ಲಿ ಅಮೆರಿಕದ ವಿಲ್ಲರ್ಡ್ ಲಿಬ್ಬಿ ಮತ್ತು ಸಂಗಡಿಗರು ಇಂಗಾಲದಿಂದ ಕಾಲ ಅಳೆಯುವ ವಿಧಾನ ತೋರಿಸಿಕೊಟ್ಟ ಮೇಲೆ ಈ ಅಂದಾಜು ನಿಲ್ಲಲಿಲ್ಲ. ಮುಂದೆ ಕರ್ನಾಟಕ, ಆಂಧ್ರದ ನೆಲೆಗಳ ಇದ್ದಿಲು ಅಳೆದಾಗ ಕಲ್ಲುಕೊಡಲಿಯ ಜನ ಕ್ರಿ.ಪೂ. ಮೂರನೇ ಸಹಸ್ರಮಾನಕ್ಕೆ ಹೋದರು. ತುಂಗಭದ್ರಾ ದಂಡೆಯ ಹಳ್ಳೂರಲ್ಲಿ ಕಬ್ಬಿಣದ ಬಳಕೆಯೇ ಕ್ರಿ.ಪೂ. 1000ದ ಆಸುಪಾಸಿಗೆ ಹೋಯ್ತು. ಉರುಳೆ ಗೆರೆಯ ತಟ್ಟೆ ಕೂಡ ರೋಮಿನದಲ್ಲ, ಭಾರತದಲ್ಲೇ ಮಾಡಿದ್ದು, ರೋಮನ್ನರ ವ್ಯಾಪಾರಕ್ಕಿಂತ ಮುಂಚೆಯೇ ಇತ್ತು ಅಂತ ಆಮೇಲೆ ಸಂಶೋಧಕರು ತೋರಿಸಿದರು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ತಾರೀಖು ಬದಲಾಯ್ತು, ಆದರೆ ಪದರಗಳ ಕ್ರಮ ಬದಲಾಗಲಿಲ್ಲ. ಯಾವ ಬೋಕಿ ಯಾವ ಪದರದಲ್ಲಿ, ಯಾವುದರ ಜೊತೆ ಸಿಕ್ತು ಅಂತ ಬರೆದಿಟ್ಟಿದ್ದರಿಂದಲೇ ಮುಂದಿನವರು ತಾರೀಖನ್ನ ತಿದ್ದಲು ಸಾಧ್ಯವಾಯ್ತು. ಈಗ ಬೋಕಿಯನ್ನೇ ಅಳೆಯುವ ವಿಧಾನವೂ ಇದೆ. ಮಡಕೆಯೊಳಗಿನ ಬೆಣಚು ಕಾಳು ಕೊನೆಯ ಸಲ ಸುಟ್ಟಾಗಿನಿಂದ ಸುತ್ತಲ ಮಣ್ಣಿನ ವಿಕಿರಣವನ್ನ ಸ್ವಲ್ಪ ಸ್ವಲ್ಪವೇ ಹಿಡಿದಿಟ್ಟುಕೊಂಡಿರುತ್ತೆ. ಮತ್ತೆ ಕಾಯಿಸಿದರೆ ಅದು ಬೆಳಕಾಗಿ ಹೊರಬರುತ್ತೆ, ಆ ಬೆಳಕನ್ನ ಅಳೆದು ವರ್ಷ ಲೆಕ್ಕ ಹಾಕ್ತಾರೆ. ಅದಕ್ಕೂ ಬೋಕಿ ಸಿಕ್ಕಿದ ಜಾಗದ ಮಣ್ಣು ಬೇಕು. ಜಾಗ ಬಿಟ್ಟು ವಯಸ್ಸಿಲ್ಲ ಅಂದಿದ್ದು ಅದಕ್ಕೇ.

ಈಗ ನಮ್ಮ ನಾಲ್ಕು ಊರಿಗೆ ಬರೋಣ. ಇಲ್ಲಿಗೆ ಇಟಲಿಯ ತಟ್ಟೆ ಬೇಕಿಲ್ಲ, ನಮ್ಮ ಊರುಗಳ ಇತಿಹಾಸದಲ್ಲೇ ಗಟ್ಟಿ ತಾರೀಖುಗಳಿವೆ. ಚನ್ನಪಟ್ಟಣ ಹದಿನಾರನೇ ಶತಮಾನದ ಕೊನೆಗೆ ಜಗದೇವರಾಯನ ರಾಜಧಾನಿ, 1630ರಲ್ಲಿ ಮೈಸೂರಿನ ಚಾಮರಾಜ ಒಡೆಯರ ವಶವಾಯ್ತು. ಬೆಂಗಳೂರು 1638ರಲ್ಲಿ ಬಿಜಾಪುರದವರ ಕೈ ಸೇರಿದ ಮೇಲೆ ಕೆಂಪೇಗೌಡರ ವಂಶದವರು ನೆಲೆ ನಿಂತಿದ್ದು ಮಾಗಡಿಯಲ್ಲಿ. ಸಾವನದುರ್ಗ ಕಾರ್ನ್‌ವಾಲಿಸ್‌ನ ಸೈನ್ಯಕ್ಕೆ ಬಿದ್ದಿದ್ದು 1791ರ ಡಿಸೆಂಬರ್ 21. ಆಗ ಕಾನಕಾನಹಳ್ಳಿ ಅನ್ನಿಸಿಕೊಂಡಿದ್ದ ಕನಕಪುರವನ್ನ, ಶ್ರೀರಂಗಪಟ್ಟಣದ ಕಡೆ ಬರುತ್ತಿದ್ದ ಇಂಗ್ಲಿಷರಿಗೆ ಅನುಕೂಲ ಆಗಬಾರದು ಅಂತ ಟಿಪ್ಪುವೇ ಹಾಳುಗೆಡವಿಸಿದ್ದ. ರಾಮನಗರ 1800ರಲ್ಲಿ ಪೂರ್ಣಯ್ಯನವರು ಕ್ಲೋಸ್‌ಪೇಟೆಯಾಗಿ ಕಟ್ಟಿಸಿದ ಊರು.

ಈ ತಾರೀಖುಗಳಿಂದ ಏನು ಪ್ರಯೋಜನ? ಕನಕಪುರದ ಹಳೇ ಭಾಗದಲ್ಲಿ ಪಾಯ ತೆಗೆಯುವಾಗ ಸುಟ್ಟ ಮಣ್ಣು, ಬೂದಿ, ಇದ್ದಿಲಿನ ಪದರ ಸಿಕ್ಕಿ, ಅದರಲ್ಲಿ ಟಿಪ್ಪುವಿನ ಕಾಸು ಇದ್ದು, ಮಂಗಳೂರು ಹೆಂಚು ಇಲ್ಲದಿದ್ದರೆ, ಅದನ್ನ 1791ರ ಪದರವಾ ಅಂತ ಪರೀಕ್ಷೆ ಮಾಡಬಹುದು. ಅದು ಖಚಿತವಾದರೆ ಅದರೊಳಗಿನ ಒಂದೊಂದು ಅಂಚಿನ ಚೂರೂ ಆ ಕಾಲಕ್ಕೆ ಅಳತೆಗೋಲು. ಆಗ ಸುತ್ತಲ ಹಳ್ಳಿಯ ಹೊಲದಲ್ಲಿ ಅದೇ ಆಕಾರದ ಅಂಚು ಸಿಕ್ಕರೆ ಕಾಲ ಹೇಳೋದು ಸುಲಭ. ಹಂಪಿಯಲ್ಲಿ ಈ ಥರದ ಕೆಲಸ ಆಗಿದೆ. ಆ ರಾಜಧಾನಿ 1565ರಲ್ಲಿ ಹಾಳಾದ್ದರಿಂದ ಅಲ್ಲಿಯ ಬೋಕಿಗೆ ಒಂದು ಗಡಿ ಸಿಗುತ್ತೆ. ಕಾರ್ಲಾ ಸಿನೊಪೊಲಿ ಅನ್ನೋ ವಿದ್ವಾಂಸೆ ಹಂಪಿಯ ಶ್ರೀಮಂತರ ಬೀದಿಯ ಮಡಕೆಗಳ ಮೇಲೆಯೇ 1993ರಲ್ಲಿ ಒಂದು ಪುಸ್ತಕ ಬರೆದಿದ್ದಾರೆ. ಗಂಗರ ತಲಕಾಡಲ್ಲೂ 1990ರ ದಶಕದಲ್ಲಿ ಉತ್ಖನನ ನಡೆದಿದೆ. ಹಂಪಿ, ತಲಕಾಡಿನ ಬೋಕಿಯ ಪಕ್ಕ ನಮ್ಮದನ್ನ ಇಟ್ಟು ನೋಡಬೇಕು ಅಂದ್ರೆ ನಮ್ಮ ಬೋಕಿ ಎಲ್ಲಿ ಸಿಕ್ತು ಅನ್ನೋ ಬರಹ ಮೊದಲು ಬೇಕು.

ಅದೇ ಕೈಬಿಟ್ಟು ಹೋಗ್ತಿರೋದು. ಬೆಂಗಳೂರು ಈ ಕಡೆ ಬೆಳೀತಾ ಇದೆ. ಹಳೇ ಊರ ದಿಬ್ಬ ಲೇಔಟ್‌ಗೆ ಮಟ್ಟ ಆಗುತ್ತೆ, ಕೋಟೆಯೊಳಗಿನ ಹಟ್ಟಿ ಮನೆ ಕೆಡವಿ ಮೂರು ಅಂತಸ್ತು ಏಳುತ್ತೆ, ಒಳಚರಂಡಿಗೆ ರಸ್ತೆ ಉದ್ದಕ್ಕೂ ಕಾಲುವೆ ಬೀಳುತ್ತೆ. ಜೆಸಿಬಿ ಒಂದು ಗಂಟೆಯಲ್ಲಿ ನಾನೂರು ವರ್ಷದ ಪದರ ಕಲಸಿ ಟ್ರ್ಯಾಕ್ಟರ್‌ಗೆ ತುಂಬುತ್ತೆ. ಬೋಕಿಗಳೇನೋ ಆ ಮಣ್ಣಿನ ಜೊತೆ ಇನ್ನೆಲ್ಲೋ ಉಳಿಯುತ್ತವೆ, ಅವುಗಳ ಕ್ರಮ ಮಾತ್ರ ಮತ್ತೆ ಯಾವತ್ತೂ ಸಿಗಲ್ಲ. ನಿಧಿ ಆಸೆಗೆ ರಾತ್ರಿ ಅಗೆಯೋರು ಮಾಡೋದೂ ಇದನ್ನೇ. ಚಿನ್ನ ಸಿಗಲ್ಲ, ಇತಿಹಾಸ ಹಾಳಾಗುತ್ತೆ.

ಜಮೀನು ಹೋಗುತ್ತೆ ಅನ್ನೋ ಭಯದ ಬಗ್ಗೆಯೂ ಹೇಳಿಬಿಡ್ತೀನಿ, ಯಾಕಂದ್ರೆ ಎಷ್ಟೋ ಜನ ಬಾಯಿ ಮುಚ್ಚಿಕೊಳ್ಳೋದು ಇದೇ ಕಾರಣಕ್ಕೆ. ಬೋಕಿ ಸಿಕ್ಕ ಮಾತ್ರಕ್ಕೆ ಯಾವ ಜಮೀನೂ ಸಂರಕ್ಷಿತ ಪ್ರದೇಶ ಆಗಲ್ಲ. 1958ರ ಕೇಂದ್ರ ಕಾಯ್ದೆ ಪ್ರಕಾರ ಒಂದು ಜಾಗವನ್ನ ಸಂರಕ್ಷಿತ ಅಂತ ಘೋಷಿಸಬೇಕಾದರೆ ಮೊದಲು ಅಧಿಸೂಚನೆ ಹೊರಡಿಸಿ ಆಕ್ಷೇಪಣೆಗೆ ಎರಡು ತಿಂಗಳು ಕೊಡಬೇಕು. ಸುತ್ತ ನೂರು ಮೀಟರ್ ಕಟ್ಟಡ ನಿಷೇಧ ಅನ್ನೋದೂ ಹಾಗೆ ಘೋಷಣೆಯಾದ ಸ್ಮಾರಕಕ್ಕೆ ಮಾತ್ರ. ನಾಣ್ಯ, ಒಡವೆ ಸಿಕ್ಕರೆ ವಿಷಯ ಬೇರೆ, ಅದನ್ನ ಅಧಿಕಾರಿಗಳಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅಪರಾಧ.

ಹಾಗಾದರೆ ನಾವು ಮಾಡಬೇಕಾದ್ದೇನು? ಖರ್ಚಿಲ್ಲದ ಕೆಲಸ. ಬೋಕಿ ಕಂಡರೆ ಎತ್ತುವ ಮುಂಚೆ ಅಲ್ಲೇ ಫೋಟೊ ತೆಗೀರಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು. ಮೊಬೈಲಲ್ಲಿ ಲೊಕೇಶನ್ ಆನ್ ಇರಲಿ. ಸರ್ವೆ ನಂಬರ್, ತಾರೀಖು ಬರೆದುಕೊಳ್ಳಿ. ಗೋಡು ಅಥವಾ ತಿಪ್ಪೆ ಗೊಬ್ಬರ ಹೊಡೆದ ಹೊಲವಾ ಅನ್ನೋದನ್ನ ತಪ್ಪದೆ ಬರೀರಿ, ಇದು ನಿಮ್ಮ ಬಿಟ್ಟು ಬೇರೆಯವರಿಗೆ ಗೊತ್ತಿರಲ್ಲ. ಪಾಯದ ಗುಂಡಿಯಲ್ಲಾದರೆ ಗೋಡೆಯ ಮಣ್ಣು ಬಣ್ಣ ಬದಲಾಗೋ ಕಡೆ ಟೇಪ್ ಹಿಡಿದು, ಮೇಲಿಂದ ಎಷ್ಟು ಅಡಿ ಅಂತ ಕಾಣೋ ಹಾಗೆ ಒಂದು ಫೋಟೊ. ಅಗೆಯೋಕೆ ಹೋಗಬೇಡಿ, ಅದು ಅನುಮತಿ ಇದ್ದವರ ಕೆಲಸ. ಒಂದೇ ಕಡೆ ಬೂದಿ ಮಣ್ಣು, ಮೂಳೆ, ದೊಡ್ಡ ಚೂರು ಒಟ್ಟಿಗೆ ಕಂಡರೆ ಮೈಸೂರಲ್ಲಿರೋ ರಾಜ್ಯ ಪುರಾತತ್ವ ಇಲಾಖೆಗೋ, ಮೈಸೂರು ವಿಶ್ವವಿದ್ಯಾಲಯದ ಪುರಾತತ್ವ ವಿಭಾಗಕ್ಕೋ ಒಂದು ಪತ್ರ ಹಾಕಿ.

ಅಚ್ಚು ಇರೋ ಹಳೇ ಹೆಂಚು ನಿಮ್ಮ ಹಿತ್ತಲಲ್ಲಿ ಬಿದ್ದಿದ್ದರೆ ಅದರ ಬೆನ್ನಿನ ಫೋಟೊ ತೆಗೆದು ಇಲ್ಲಿ ಹಾಕಿ, ಯಾವ ಊರು ಅಂತ ಬರೆದು. ನಾಲ್ಕು ತಾಲ್ಲೂಕಿನ ಹೆಂಚಿನ ಅಚ್ಚುಗಳ ಪಟ್ಟಿ ಒಂದು ಆದರೆ, ಮುಂದೆ ಯಾರದೋ ಪಾಯದಲ್ಲಿ ಸಿಗೋ ಬೋಕಿಗೆ ಕಾಲ ಹೇಳೋಕೆ ಅದೇ ಮೊದಲ ಮೆಟ್ಟಿಲಾಗುತ್ತೆ.